ಜಟ್ಟಿ ಕೇಳಿದ ಪ್ರಶ್ನೆ

"ಗುರುಗಳೇ, ಮನಸ್ಸಿಗೆ ಬಂದದ್ದನ್ನು ಯಾರ ತಡೆಯೂ ಇಲ್ಲದೆ ಮಾಡಬಲ್ಲವನೇ ಸ್ವತಂತ್ರನಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಪಾಳೆಯಗಾರನ ಆಶ್ರಯದಲ್ಲಿ ಒಬ್ಬ ಜಟ್ಟಿಯಿದ್ದ. ಕುಸ್ತಿಯಲ್ಲಿ ಅವನ ಬಲಗೈಯ ಹಿಡಿತಕ್ಕೆ ಸಿಕ್ಕವರು ಬಿಡಿಸಿಕೊಂಡದ್ದಿಲ್ಲ. ಅವನಿಗೆ ಒಬ್ಬ ತಮ್ಮ. ಮಳೆಗಾಲದಲ್ಲಿ ಹೊಳೆಯಾಚೆ ಹೊರಟ ತಮ್ಮ ಹಿಂದಿರುಗಲಿಲ್ಲ. ಆಚೆಯ ಪಾಳೆಯದ ದಳವಾಯಿ ಅವನನ್ನು ಕೊಂದು ಹೂಳಿಸಿದ ಎಂದು ಪಾಳೆಯಗಾರ ಹೇಳಿದ. ಜಟ್ಟಿ ನಂಬಿದ.

ಅಂದಿನಿಂದ ಪಾಳೆಯಗಾರ ಅವನನ್ನು ತನ್ನ ಪಕ್ಕದಲ್ಲೇ ಊಟಕ್ಕೆ ಕೂರಿಸಿಕೊಂಡ. ಅನ್ನಕ್ಕೆ ತುಪ್ಪ ಬಡಿಸಿದಾಗಲೆಲ್ಲ ತಮ್ಮನ ಮಾತು ತೆಗೆದ. ಸಾಯುವಾಗ ಎಷ್ಟು ನರಳಿದನೋ, ಅಣ್ಣನನ್ನು ಹೇಗೆ ಕೂಗಿದನೋ ಎಂದ. ಜಟ್ಟಿಗೆ ಅಳು ಬರಲಿಲ್ಲ, ಕೋಪ ಬಂತು. ಕೋಪ ಬಂದಾಗ ಮೈಯಲ್ಲಿ ಬಲ ತುಂಬಿದಂತೆ ಅನಿಸಿತು. ಆ ಬಲ ತನ್ನದೇ ಎಂದು ಅವನು ತಿಳಿದ.

ಮಳೆ ಚಳಿ ಕಳೆದ ಮೇಲೆ ಪಾಳೆಯಗಾರ, ಕುಸ್ತಿಯಲ್ಲೂ ಹೆಸರಾಗಿದ್ದ ಆ ದಳವಾಯಿಯನ್ನು ಸ್ನೇಹದ ಕುಸ್ತಿಗೆ ಕರೆಸಿದ. ಊರಿನವರೆಲ್ಲ ನೋಡಲು ಕೂಡಿದರು. ಪಾಳೆಯಗಾರ ಜಟ್ಟಿಯ ಹೆಗಲ ಮೇಲೆ ಕೈಯಿಟ್ಟು, ತನ್ನ ಅಪ್ಪಣೆ ಏನೂ ಇಲ್ಲ, ಕಣದಲ್ಲಿ ಸತ್ತವನ ಬಗ್ಗೆ ವಿಚಾರಣೆಯೂ ಇಲ್ಲ, ಮನಸ್ಸಿಗೆ ಬಂದದ್ದನ್ನು ಮಾಡಲು ಇಂದು ನೀನು ಸ್ವತಂತ್ರ ಎಂದು ಕಿವಿಯಲ್ಲಿ ಹೇಳಿದ.

ಜಟ್ಟಿ ದಳವಾಯಿಯನ್ನು ಕೆಡವಿ ಎದೆಯ ಮೇಲೆ ಮೊಣಕಾಲೂರಿದ. ಬಲಗೈ ಕೊರಳಿಗೆ ಹೋಯಿತು. ನನ್ನ ತಮ್ಮನನ್ನು ಯಾಕೆ ಕೊಂದೆ ಎಂದ. ಕೆಳಗೆ ಬಿದ್ದವನ ಮುಖದಲ್ಲಿ ಭಯವಿತ್ತು, ಅದಕ್ಕಿಂತ ಹೆಚ್ಚಾಗಿ ಗೊಂದಲವಿತ್ತು. ಯಾವ ತಮ್ಮ ಎಂದು ಅವನು ಕೇಳಿದ.

ಕೊಂದವನು ಸುಳ್ಳನ್ನೂ ಹೇಳಬಲ್ಲ ಎಂಬುದು ಜಟ್ಟಿಗೆ ಗೊತ್ತಿತ್ತು. ಆದರೂ ಕೈ ಬಿಗಿಯಲಿಲ್ಲ. ತನಗೆ ನಿಜವಾಗಿ ಗೊತ್ತಿರುವುದೇನು ಎಂದು ಅವನು ಯೋಚಿಸಿದ. ಕಣ್ಣಾರೆ ಕಂಡದ್ದು ಒಂದೂ ಇರಲಿಲ್ಲ. ಕೇಳಿದ್ದೆಲ್ಲ ಒಂದೇ ಬಾಯಿಂದ. ತುಪ್ಪ ಬಂದ ಮನೆಯಿಂದಲೇ ಕೋಪವೂ ಬಂದಿತ್ತು. ಆ ಕೋಪ ಆಗಲೂ ಇಳಿದಿರಲಿಲ್ಲ. ಆದರೆ ಅದು ಬಂದ ದಾರಿ ಅವನಿಗೆ ಕಾಣಿಸಿತು. ಕೈ ತೆಗೆದು ಎದ್ದು ನಿಂತ. ಇವನು ಕೊಂದದ್ದನ್ನು ಕಂಡವರು ಯಾರು ಎಂದು ಎಲ್ಲರ ಎದುರು ಕೇಳಿದ.

"ನಿನಗೆ ಸ್ವಾತಂತ್ರ್ಯ ಕೊಟ್ಟೆನಲ್ಲ, ಇನ್ನೇನು ಕೇಳುತ್ತೀ?" ಎಂದ ಪಾಳೆಯಗಾರ.

"ಕೊಲ್ಲುವ ಸ್ವಾತಂತ್ರ್ಯ ತಾವು ಕೊಟ್ಟಿರಿ, ಒಡೆಯಾ. ಕೇಳುವ ಸ್ವಾತಂತ್ರ್ಯವನ್ನು ನಾನೇ ತೆಗೆದುಕೊಂಡೆ. ಕಂಡವರನ್ನು ತೋರಿಸುವ ತನಕ ಈ ಕೈ ಏಳುವುದಿಲ್ಲ."

ಪಾಳೆಯಗಾರ ತನ್ನ ಆಶ್ರಯದ ಉಳಿದ ಜಟ್ಟಿಗಳಿಗೆ ದಳವಾಯಿಯ ಎದುರು ಕಣಕ್ಕಿಳಿಯಲು ಹೇಳಿದ. ಆ ಪ್ರಶ್ನೆ ಅವರ ಕಿವಿಗೂ ಬಿದ್ದಿತ್ತು. ಒಬ್ಬನೂ ಇಳಿಯಲಿಲ್ಲ. ಕಾವಲಿನವರಿಂದ ಕೊಲ್ಲಿಸಿದರೆ ಕೊಲೆ ತನ್ನ ಹೆಸರಿಗೇ ಬರುತ್ತದೆ. ಹಾಗಾಗಿ ದಳವಾಯಿಯನ್ನು ಮರ್ಯಾದೆಯಿಂದಲೇ ಕಳಿಸಿಕೊಡಬೇಕಾಯಿತು. ಸಿಟ್ಟೆಲ್ಲ ಜಟ್ಟಿಯ ಮೇಲೆ ತಿರುಗಿತು. ಏಳದ ಕೈ ಇದ್ದೇನು ಫಲ, ತಪ್ಪಾಯಿತು ಎನ್ನು, ಇಲ್ಲವೇ ಅದನ್ನು ಮುರಿಸುತ್ತೇನೆ ಎಂದ. ಜಟ್ಟಿ ತಪ್ಪಾಯಿತು ಎನ್ನಲಿಲ್ಲ. ಕೈ ಮುರಿಯುವಾಗ ನೋವಿಗೆ ಕೂಗಿಕೊಂಡ. ಆಗಲೂ ಆ ಮಾತು ಬಾಯಿಂದ ಬರಲಿಲ್ಲ.

ಕೋಟೆಯಿಂದ ಹೊರದೂಡಿಸಿಕೊಂಡವನು ನೇರವಾಗಿ ಹೊಳೆಯ ದಡಕ್ಕೆ ಹೋಗಿ ಅಂಬಿಗರನ್ನು ವಿಚಾರಿಸಿದ. ನೆರೆ ಬಂದ ದಿನ ದೋಣಿ ಮಗುಚಿ ತಮ್ಮ ನೀರುಪಾಲಾಗಿದ್ದ. ಆ ಸುದ್ದಿಯನ್ನು ಅವರು ಅಂದೇ ಕೋಟೆಗೆ ಮುಟ್ಟಿಸಿದ್ದರು. ಜಟ್ಟಿ ನೀರಿನ ಬದಿಯಲ್ಲಿ ಕುಳಿತು, ತಮ್ಮ ಹೋದ ಮೇಲೆ ಮೊದಲ ಸಲ ಅತ್ತ. ಆಮೇಲೆ ಎದ್ದು, ನಡೆದದ್ದನ್ನು ಊರೂರಿನ ಗರಡಿಗಳಲ್ಲಿ ಹೇಳುತ್ತಾ ಹೋದ. ಪಾಳೆಯಗಾರನ ಆಳುಗಳು ಬೆದರಿಸಿದರು, ಅವನು ನಿಲ್ಲಿಸಲಿಲ್ಲ. ಆ ಪಾಳೆಯಗಾರನ ಕಣಕ್ಕೆ ಮತ್ತೆ ಯಾವ ಜಟ್ಟಿಯೂ ಕಾಲಿಡಲಿಲ್ಲ.

ಶಿಷ್ಯನಿಗೆ ಸಮಾಧಾನವಾಗಲಿಲ್ಲ. "ಸ್ವತಂತ್ರನಾಗಿ ಅವನಿಗೆ ಸಿಕ್ಕಿದ್ದೇನು, ಗುರುಗಳೇ? ಇದ್ದ ಬಲಗೈಯೂ ಹೋಯಿತು."

"ಹೋದದ್ದು ಪಾಳೆಯಗಾರನ ಕೈ," ಎಂದರು ಗುರುಗಳು.