ಅರವತ್ತೇಳೋ, ಅರವತ್ತೆಂಟೋ?

"ಗುರುಗಳೇ, ಅಣ್ಣನ ಜೊತೆ ಮಾತು ಬಿಟ್ಟು ಬಹಳ ಕಾಲವಾಯಿತು. ಈಗ ಅವನು ಹಾಸಿಗೆ ಹಿಡಿದಿದ್ದಾನಂತೆ. ಹೋಗಿ ತಪ್ಪಾಯಿತು ಎನ್ನಬೇಕು. ದೀಪಾವಳಿಗೆ ಹೋಗಲೇ, ಸಂಕ್ರಾಂತಿಗೆ ಎಳ್ಳುಬೆಲ್ಲ ಹಿಡಿದು ಹೋಗಲೇ, ಇಲ್ಲ ಯುಗಾದಿಗೇ ಹೋಗಲೇ? ಯಾವ ದಿನ ಸರಿ?" ಎಂದು ಶಿಷ್ಯ ಮರುಳಸಿದ್ಧ ಕೇಳಿದ.

ಗುರುಗಳು ದಿನ ಹೇಳಲಿಲ್ಲ, ಕತೆ ಹೇಳಿದರು.

ಒಬ್ಬ ಕೊಬ್ಬರಿ ವರ್ತಕನಿದ್ದ. ಮದುವೆಯಾದ ಹೊಸದರಲ್ಲಿ ಅವನೂ ಹೆಂಡತಿಯೂ ಸಂತೆ ಮುಗಿಸಿ ನಡೆದು ಬರುತ್ತಿದ್ದಾಗ ಒಂದು ಅಮೆರಿಕದ ಕಾರು ಅವರನ್ನು ದಾಟಿ ಹೋಯಿತು. ಮೂತಿ ಉದ್ದ, ಬಾಲ ಗಿಡ್ಡ, ದನಿ ಗುಡುಗಿನದು. ಅದರ ಹೆಸರು ಮಸ್ಟಾಂಗ್ ಎಂದು ಯಾರೋ ಹೇಳಿದರು. ಧೂಳು ಇಳಿದ ಮೇಲೆ ಹೆಂಡತಿ ನಕ್ಕಳು. "ಅಂಥದ್ದರಲ್ಲಿ ಕೂತು ಒಂದು ಸಲ ಕಡಲು ನೋಡಬೇಕು ರೀ," ಎಂದಳು. "ಆಗಲಿ," ಎಂದ ವರ್ತಕ. ಆಗ ಅವನಿಗೆ ಒಂದು ಸೈಕಲ್ಲೂ ಇರಲಿಲ್ಲ. ಆಗಲಿ ಎನ್ನುವುದಕ್ಕೆ ಏನೂ ಬೇಕಾಗುವುದಿಲ್ಲ.

ವ್ಯಾಪಾರ ಕುದುರಿತು. ತಲೆ ನರೆಯಿತು. ಒಂದು ದಿನ ವೈದ್ಯರು ಹೆಂಡತಿಯ ಕಣ್ಣು ಪರೀಕ್ಷಿಸಿ, ನೋಟ ಮೆಲ್ಲಮೆಲ್ಲಗೆ ಹೋಗುತ್ತದೆ, ತಡೆಯುವ ಮದ್ದಿಲ್ಲ ಎಂದರು. ಕಣ್ಣಿರುವಾಗಲೇ ಅವಳಿಗೆ ಕಡಲು ತೋರಿಸಬೇಕು ಎಂದು ವರ್ತಕ ಬಂದರಿನಲ್ಲಿ ಹಳೆ ಕಾರು ಮಾರುವ ದಲ್ಲಾಳಿಯನ್ನು ಹುಡುಕಿಕೊಂಡು ಹೋದ.

ದಲ್ಲಾಳಿಯ ಗೋದಾಮಿನಲ್ಲಿ ಮೂರು ಮಸ್ಟಾಂಗ್‌ಗಳಿದ್ದವು. ಒಂದು ಅರವತ್ತೇಳನೆಯ ಇಸವಿಯದು, ಒಂದು ಅರವತ್ತೆಂಟರದು, ಒಂದು ಅರವತ್ತೊಂಬತ್ತರದು. "ಮೂರೂ ಓಡ್ತವೆ ಸಾಹುಕಾರ್ರೇ. ಯಾವ ವರ್ಷದ್ದು ಬೇಕು ಹೇಳಿ, ಕೀಲಿಕೈ ಕೊಡ್ತೀನಿ," ಎಂದ ದಲ್ಲಾಳಿ.

ವರ್ತಕ ಮೂರನ್ನೂ ಸುತ್ತಿದ. ಅರವತ್ತೇಳರದಕ್ಕೆ ಹಿಂಚಕ್ರದ ಮುಂದೆ ಮೀನಿನ ಕಿವಿರಿನಂಥ ಸೀಳುಗಳು. ಅರವತ್ತೆಂಟರದಕ್ಕೆ ಪಕ್ಕೆಯಲ್ಲಿ ಒಂದು ಪುಟ್ಟ ದೀಪ. ಅರವತ್ತೊಂಬತ್ತರದಕ್ಕೆ ಮುಂದೆ ನಾಲ್ಕು ದೀಪ. ಅಂದು ಸಂತೆಯ ದಾರಿಯಲ್ಲಿ ಕಂಡದ್ದು ಯಾವುದು? ಅದೇ ಆಗಬೇಕು. ಇಂಥ ಕೆಲಸಕ್ಕೆ ಬೇರೆ ವರ್ಷದ್ದು ಸಲ್ಲದು. ಗೋದಾಮಿನ ಹಿಂದೆಯೇ ಕಡಲಿತ್ತು; ಅವನ ಬೆನ್ನು ಅತ್ತ ಇತ್ತು. ನೆನಪು ಮಾಡಿಕೊಂಡು ಬರುತ್ತೇನೆ ಎಂದು ಹಿಂದಿರುಗಿದ.

ಅಂದಿನಿಂದ ಕಾರು ಅವನ ಕನಸಿಗೆ ಬರತೊಡಗಿತು. ಕಡಲಂಚಿನ ದಾರಿಯಲ್ಲಿ ಅದು ಸದ್ದಿಲ್ಲದೆ ತೇಲುತ್ತಿತ್ತು. ನೀರು ಬೆಲ್ಲದ ಪಾಕದ ಬಣ್ಣಕ್ಕೆ ತಿರುಗಿತ್ತು. ಹೊತ್ತು ಮುಳುಗುತ್ತಿತ್ತು, ಆದರೆ ಮುಳುಗಿ ಮುಗಿಯುತ್ತಿರಲಿಲ್ಲ. ವರ್ತಕ ಕನಸಿನಲ್ಲೇ ಕೆಳಗಿಳಿದು ಕಾರಿನ ಪಕ್ಕೆ ತಡವುತ್ತಿದ್ದ. ಒಮ್ಮೆ ಸೀಳು ಸಿಕ್ಕಿತು. ಮರುದಿನ ಅದೇ ಜಾಗ ನುಣ್ಣಗಿತ್ತು, ಮುಂದೆ ಪುಟ್ಟ ದೀಪವೊಂದು ಮಿನುಗುತ್ತಿತ್ತು. ಇನ್ನೊಮ್ಮೆ ನಾಲ್ಕು ದೀಪಗಳು ಒಟ್ಟಿಗೆ ಅವನತ್ತ ತಿರುಗಿ ನೋಡಿದವು. ಬೆಳಿಗ್ಗೆ ಎದ್ದು ಎಲ್ಲವನ್ನೂ ಹೆಂಡತಿಗೆ ಬಿಡಿಸಿ ಹೇಳುವನು. ಅವಳು ಕಾಫಿ ಲೋಟವನ್ನು ಕೈಯಿಂದ ಹುಡುಕುತ್ತ ಕೇಳಿಸಿಕೊಳ್ಳುವಳು. ಕನಸು ಬಲು ಸಿಹಿಯಾಗಿತ್ತು. ನಿಜ ಹೇಳಬೇಕೆಂದರೆ ಅದು ಮುಗಿಯುವುದು ಅವನಿಗೆ ಬೇಕಿರಲಿಲ್ಲ.

"ಕನಸಿನಲ್ಲಿ ನಾನೂ ಇದ್ದೆನೇ?" ಎಂದು ಒಂದು ಬೆಳಿಗ್ಗೆ ಅವಳು ಕೇಳಿದಳು.

"ಪಕ್ಕದ ಸೀಟು ನೋಡಲಿಲ್ಲವಲ್ಲ. ನಾಳೆ ನೋಡುತ್ತೇನೆ."

"ಯಾವುದಾದರೂ ಒಂದು ತನ್ನಿ. ಅಂಗಳದ ತುಳಸಿ ಈಗ ನನಗೆ ಬರೀ ಹಸಿರು ಮಂಜು."

"ಸ್ವಲ್ಪ ತಾಳು. ಒಂದೇ ಸಲ ಮಾಡುವ ಕೆಲಸ, ಸರಿಯಾಗಿ ಮಾಡೋಣ," ಎಂದ ವರ್ತಕ.

ಸರಿಯಾಗಿ ಮಾಡೋಣ ಎನ್ನುವವನಷ್ಟು ಸಾವಕಾಶ ಯಮನಿಗೂ ಇರುವುದಿಲ್ಲ. ಅವನು ಮೀನಮೇಷ ಎಣಿಸಿದ. ಅರವತ್ತೇಳು ಎಂದು ಹೊರಟು ಅರ್ಧ ದಾರಿಯಿಂದ ಮರಳಿದ. ಅರವತ್ತೊಂಬತ್ತು ಎಂದು ದಲ್ಲಾಳಿಗೆ ಹೇಳಿಕಳಿಸಿ, ಮತ್ತೆ ಬೇಡವೆಂದ. ಅಳೆದೂ ಸುರಿದೂ ಕೊನೆಗೆ ಅರವತ್ತೆಂಟೇ ಎಂದು ಮನಸ್ಸು ಗಟ್ಟಿಮಾಡಿ ಕಾರನ್ನು ಮನೆಯ ಮುಂದೆ ತಂದು ನಿಲ್ಲಿಸಿದ.

ಹೆಂಡತಿಯನ್ನು ಕೈಹಿಡಿದು ಹೊರಗೆ ಕರೆತಂದ. ಕೈಹಿಡಿಯದೆ ಅವಳು ಈಗ ಹೊಸ್ತಿಲು ದಾಟುತ್ತಿರಲಿಲ್ಲ. ಅವಳು ಕಾರಿನ ಮೇಲೆ ಕೈಯಾಡಿಸಿದಳು. ಮುಂದೆ ಎರಡೇ ದೀಪ. ಪಕ್ಕೆಗೆ ಬಂದು ಪುಟ್ಟ ದೀಪದ ಮೇಲೆ ಬೆರಳು ನಿಲ್ಲಿಸಿದಳು. "ಅರವತ್ತೆಂಟು," ಎಂದಳು. ಅವಳ ಮುಖ ಅರಳಿತ್ತು. ವರ್ತಕನಿಗೆ ಆ ಮುಖವನ್ನು ನೋಡಲಾಗಲಿಲ್ಲ.

ಇಬ್ಬರೂ ಕಡಲಿಗೆ ಹೋದರು. ದಾರಿ ಕನಸಿನ ದಾರಿಯೇ ಆಗಿತ್ತು. ನೀರು ಅದೇ ಬಣ್ಣಕ್ಕೆ ತಿರುಗುತ್ತಿತ್ತು. ಅವನು ಎಂಜಿನ್ ನಿಲ್ಲಿಸಿದ. ಅಲೆಯ ಸದ್ದು ಕೇಳಿಸಿತು. ಅವಳು ಸದ್ದಿನತ್ತ ಮುಖ ತಿರುಗಿಸಿ, "ಹೇಗಿದೆ, ಹೇಳಿ," ಎಂದಳು. ಕಾರಿನ ಒಂದೊಂದು ದೀಪವನ್ನೂ ಬಾಯಿತುಂಬ ಹೇಳಿದವನು ಬಾಯಿ ತೆರೆದ. ಕಡಲಿಗೆ ಅವನ ಬಳಿ ಒಂದು ಮಾತೂ ಇರಲಿಲ್ಲ. ಹೊತ್ತು ಮುಳುಗಿತು.

ಕತೆ ಅಲ್ಲಿಗೆ ನಿಂತಿತು. ಮರುಳಸಿದ್ಧ ಮುಂದಿನದಕ್ಕಾಗಿ ಕಾದ. ಕೊನೆಗೆ ಅವನೇ ಕೇಳಿದ. "ಗುರುಗಳೇ, ಅಂದು ಸಂತೆಯ ದಾರಿಯಲ್ಲಿ ಅವರು ಕಂಡದ್ದು ಅರವತ್ತೆಂಟರದೇ ಆಗಿತ್ತೇ?"

ಗುರುಗಳು ಅವನ ಮುಖ ನೋಡಿ ಕೇಳಿದರು: "ನಿನ್ನ ಅಣ್ಣನ ಊರಿಗೆ ಮುಂದಿನ ಬಸ್ಸು ಎಷ್ಟು ಹೊತ್ತಿಗೆ?"