ದಮ್ಮು ಕಟ್ಟಿದವನ ಚಿತ್ರ

"ಗುರುಗಳೇ, ನಿಮ್ಮೆದುರು ಕೂತರೆ ನನ್ನಷ್ಟು ಶಾಂತ ಮನುಷ್ಯ ಇನ್ನೊಬ್ಬನಿಲ್ಲ. ಮನೆಗೆ ಹೋದ ಕೂಡಲೇ ಹೆಂಡತಿಯ ಮೇಲೆ ಹರಿಹಾಯುತ್ತೇನೆ. ಇದರಲ್ಲಿ ನಾನು ಯಾರು? ತಲೆ ಕೆಟ್ಟುಹೋಗಿದೆ" ಎಂದು ಶಿಷ್ಯನೊಬ್ಬ ಕೇಳಿದ.

ಗುರುಗಳು ಹೇಳಿದರು: ಕೆಡಲಿ ಬಿಡು. ಕೆಟ್ಟ ತಲೆಗೇ ಕತೆ ಹಿಡಿಸುವುದು.

ಒರಳುಕಲ್ಲು ಕೆತ್ತುವವನೊಬ್ಬನಿದ್ದ. ಮೂವತ್ತು ವರ್ಷ ಕಲ್ಲಿನ ಪುಡಿ ಕುಡಿದ ಎದೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು. ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಿದ. "ಉಸಿರು ಎಳೆದುಕೋ, ದಮ್ಮು ಕಟ್ಟು, ಅಲುಗಾಡಬೇಡ" ಎಂದರು. ಕಟ್ಟಿದ. ಚಿತ್ರ ಸ್ವಚ್ಛವಾಗಿ ಬಂತು. ಇನ್ನೊಂದು ಆಸ್ಪತ್ರೆಯಲ್ಲೂ ಅದೇ ಮಾತು, ಅದೇ ಚಿತ್ರ. ಅಣ್ಣತಮ್ಮಂದಿರು ಮೈಗಳ್ಳ ಎಂದರು. ಕಡೆಗೆ ಹೆಂಡತಿಯೂ ನಂಬಲಿಲ್ಲ. ಅವನಿಗೇ ಗೊಂದಲವಾಯಿತು. ರೋಗವೇ ಇಲ್ಲ ಅಂದಮೇಲೆ ಈ ಏದುಸಿರು ಯಾರದಪ್ಪಾ?

ಒಂದು ಪ್ರಯೋಗಶಾಲೆಯಲ್ಲಿ ಉಸಿರಾಟದ ಸಂಶೋಧನೆ ಮಾಡುವ ಡಾಕ್ಟರಮ್ಮ ಇದ್ದರು. ಕೊನೆಗೆ ಅವರ ಹತ್ತಿರ ಹೋದ. ಅವರ ಎಕ್ಸ್‌ರೇ ಯಂತ್ರ ಬೇರೆ ಥರದ್ದು. ಉಸಿರಾಡುತ್ತಿರುವ ಎದೆಯನ್ನು ಸಿನಿಮಾದ ಹಾಗೆ ತೋರಿಸುವಂಥದ್ದು. "ದಿನಾ ಹೇಗೆ ಉಸಿರಾಡುತ್ತೀಯೋ ಹಾಗೇ ಆಡು" ಎಂದರು. ಇವನು ಯಂತ್ರ ಕಂಡದ್ದೇ ದಮ್ಮು ಕಟ್ಟಿದ! "ಅಯ್ಯೋ, ಬಿಡು ಮಾರಾಯ" ಎಂದರು. ಬಿಟ್ಟ. ಆದರೆ ದಿನಾ ಹೇಗೆ ಉಸಿರಾಡುತ್ತಿದ್ದೆ ಎಂಬುದೇ ಮರೆತುಹೋಯಿತು. ದೇವರ ಮುಂದೆ ನಿಂತವನಂತೆ ಮೆಲ್ಲಗೆ, ಅಳೆದಳೆದು ಉಸಿರಾಡಿದ. ಯಂತ್ರದಲ್ಲಿ ಏನೂ ಕಾಣಲಿಲ್ಲ. ಡಾಕ್ಟರಮ್ಮನಿಗೂ ತಲೆಬುಡ ತಿಳಿಯಲಿಲ್ಲ.

ಬೇಸತ್ತು ಕೇಳಿದರು: "ಅಲ್ಲಪ್ಪಾ, ಮನೆಮನೆಗೂ ಮಿಕ್ಸಿ ಬಂದಿದೆ. ಇನ್ನು ನಿನ್ನ ಒರಳು ಯಾರಿಗೆ ಬೇಕು?"

"ಏನಂದ್ರಿ? ಮಿಕ್ಸೀನಾ? ಅದರಲ್ಲಿ ರುಬ್ಬಿದ್ದೂ ಒಂದು ಚಟ್ನೀನಾ ತಾಯೀ? ನನ್ನ ಕಲ್ಲಲ್ಲಿ ಒಂದು ಸಲ ರುಬ್ಬಿ ನೋಡಿ, ಆಮೇಲೆ..."

ಮಾತು ಅಲ್ಲಿಗೇ ತುಂಡಾಯಿತು. ಏದುಸಿರು ಬಂತು. ಯಂತ್ರ ನಡೆಯುತ್ತಲೇ ಇತ್ತು. ಒಳಗೆ ಹೋದ ಗಾಳಿ ಹೊರಗೆ ಬರಲಾರದೆ ಎಡ ಶ್ವಾಸಕೋಶದ ಬುಡದಲ್ಲಿ ಸಿಕ್ಕಿಕೊಂಡದ್ದನ್ನು ಇಬ್ಬರೂ ಕಂಡರು.

"ಹಾಗಾದ್ರೆ ನಾನು ಸುಳ್ಳುಗಾರ ಅಲ್ಲ, ಅಲ್ವಾ?" ಎಂದು ಅವನು ಅತ್ತುಬಿಟ್ಟ. ರೋಗ ಇದೆ ಎಂದು ತಿಳಿದು ಸಂತೋಷಕ್ಕೆ ಅತ್ತವನು ಅವನೊಬ್ಬನೇ ಇರಬೇಕು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಗೊಂದಲ ಇನ್ನೂ ಹೋಗಿರಲಿಲ್ಲ. ಕೈಮುಗಿದು, ತಗ್ಗಿದ ದನಿಯಲ್ಲಿ ಹೇಳಿದ: "ಕತೆ ಚೆನ್ನಾಗಿದೆ ಗುರುಗಳೇ. ಆದರೆ ನಾನು ಕೇಳಿದ್ದು ನನ್ನ ಸಿಟ್ಟಿನ ವಿಚಾರ."

ಗುರುಗಳು ಅವನ ಮುಗಿದ ಕೈಗಳನ್ನು ನೋಡಿ ಕೇಳಿದರು: "ನೀನು ನನ್ನೆದುರು ದಮ್ಮು ಕಟ್ಟಿ ಕೂತು ಎಷ್ಟು ವರ್ಷವಾಯಿತಪ್ಪಾ?"