ಘಟ್ಟದ ತಲೆಯಲ್ಲಿ ತಿರುಗುತ್ತಿದ್ದ ಕಾರು

"ಗುರುಗಳೇ, ಈ ಮಠದ ದಾರಿ ಮೇಲೋ, ಹೊಳೆಯಾಚೆಯ ಮಠದ್ದು ಮೇಲೋ?" ಎಂದು ಶಿಷ್ಯ ಕೇಳಿದ. ಅವನು ಕೆಲವು ದಿನ ಇಲ್ಲಿ, ಕೆಲವು ದಿನ ಅಲ್ಲಿ ಇರುತ್ತಿದ್ದ. ಅವನ ಬಟ್ಟೆಯ ಗಂಟು ಕೋಣೆಯ ಮೂಲೆಯಲ್ಲಿ ಕಟ್ಟಿದ್ದು ಕಟ್ಟಿದ ಹಾಗೇ ಇತ್ತು.

ಗುರುಗಳು ನಕ್ಕು, "ಕೂತುಕೋ" ಎಂದು ಕತೆ ತೆಗೆದರು.

ಬಯಲುಸೀಮೆಯಲ್ಲಿ ಒಬ್ಬ ಮೆಣಸಿನಕಾಯಿ ವ್ಯಾಪಾರಿಯಿದ್ದ. ಹೆಂಡತಿಗೆ ಸಮುದ್ರ ತೋರಿಸುತ್ತೇನೆಂದು ಮದುವೆಯಾದ ಹೊಸದರಲ್ಲಿ ಮಾತು ಕೊಟ್ಟಿದ್ದ. ವ್ಯಾಪಾರ ಬಿಡಲಿಲ್ಲ. ಇಬ್ಬರ ತಲೆಯೂ ನರೆಯಿತು. ಕೊನೆಗೊಂದು ದಿನ, ಹೋಗುವುದಾದರೆ ರಾಜನ ಹಾಗೇ ಹೋಗೋಣ ಎಂದ.

ದೂರದ ಪಯಣಕ್ಕೆಂದೇ ಕಟ್ಟಿದ ಕಾರುಗಳಿರುತ್ತವಂತೆ. ಬೇಕಾದಷ್ಟು ವೇಗ, ಹಾಸಿಗೆಯಂಥ ಸೀಟು. ಅಂಥದ್ದೊಂದನ್ನು ಜರ್ಮನಿಯವರು ಮಾಡುತ್ತಿದ್ದರು, ಇನ್ನೊಂದನ್ನು ಇಂಗ್ಲೆಂಡಿನವರು. ಹಿಂದೆ ಬಂದೂಕು ಹಿಡಿದು ಬಡಿದಾಡಿದವರು, ಈಗ ಕಾರು ಹಿಡಿದು ಬಡಿದಾಡುತ್ತಿದ್ದರು ನೋಡು! ವ್ಯಾಪಾರಿಗೆ ಒಂದನ್ನು ಆರಿಸಲಾಗಲಿಲ್ಲ. ಎರಡನ್ನೂ ತರಿಸಿದ. ಎರಡನ್ನೂ ಓಡಿಸಿ ನೋಡಿ, ಗೆದ್ದ ಕಾರಿನಲ್ಲಿ ಸಮುದ್ರಕ್ಕೆ ಹೋಗುವುದೆಂದು ಹೆಂಡತಿಗೆ ಹೇಳಿದ. ಪಾಪ, ಆಕೆ ಹೂಂ ಅಂದಳು.

ಒಂದು ಭಾನುವಾರ ಜರ್ಮನಿಯ ಕಾರು, ಮುಂದಿನ ಭಾನುವಾರ ಇಂಗ್ಲೆಂಡಿನದು. ಘಟ್ಟದ ತಲೆಯ ಚಹಾದಂಗಡಿಯವರೆಗೆ ಹೋಗುವುದು, ಅಲ್ಲಿಂದ ತಿರುಗಿಸಿಕೊಂಡು ಮನೆಗೆ ಬರುವುದು. ಎರಡನ್ನೂ ಒಂದೇ ದಾರಿಯಲ್ಲಿ ತೂಗಬೇಡವೇ! ಜರ್ಮನಿಯದು ಏರಿನಲ್ಲೂ ಗುಂಡಿನ ಹಾಗೆ ಹೋಯಿತು. ಇಂಗ್ಲೆಂಡಿನದರಲ್ಲಿ ಕುಳಿತರೆ ಕಣ್ಣು ಎಳೆಯುತ್ತಿತ್ತು. ಇದು ಮೇಲು ಅನ್ನುವಷ್ಟರಲ್ಲಿ ಅದೇ ಮೇಲು ಅನ್ನಿಸುತ್ತಿತ್ತು. ಇಂದಾದರೂ ಹೋದೇವೆಂದು ಹೆಂಡತಿ ಪ್ರತಿ ಸಲವೂ ಬುತ್ತಿ ಕಟ್ಟಿಕೊಂಡು, ನೆನೆದರೆ ಉಡಲು ಒಂದು ಸೀರೆ ಇಟ್ಟುಕೊಂಡು ಹೊರಡುತ್ತಿದ್ದಳು. ಆ ಸೀರೆ ಮಡಿಕೆ ಮುರಿಯದೆ ಮನೆಗೆ ಬರುತ್ತಿತ್ತು.

ಒಂದು ಭಾನುವಾರ ಚಹಾದಂಗಡಿಯ ಮುಂದೆ ಅವನು ಎಂದಿನಂತೆ ಕಾರು ತಿರುಗಿಸತೊಡಗಿದ. ಹೆಂಡತಿ ಅವನ ಕೈ ಹಿಡಿದಳು.

"ಏನ್ರೀ, ನಿಮ್ಮ ಕಾರುಗಳಿಗೇನು, ಹೊಸದಾಗೇ ಇವೆ. ನನ್ನ ಮಂಡಿ ಈಗಲೇ ಮೆಟ್ಟಿಲು ಹತ್ತೋಕೆ ಬಿಡ್ತಿಲ್ಲ. ನೀವು ತೂಗಿ ಮುಗಿಸೋ ಹೊತ್ತಿಗೆ ನಾನು ನೀರಿಗೆ ಇಳಿಯೋದು ಹೇಗೆ?" ಎಂದಳು.

ವ್ಯಾಪಾರಿ ಕಾರನ್ನು ಮತ್ತೆ ಸಮುದ್ರದ ಕಡೆಗೆ ತಿರುಗಿಸಿದ. ಘಟ್ಟ ಇಳಿದ.

ಸಂಜೆಗೆ ಇಬ್ಬರೂ ಮಂಡಿಯವರೆಗೆ ಅಲೆಯಲ್ಲಿ ನಿಂತಿದ್ದರು. ದೊಡ್ಡ ಅಲೆ ಬಂದಾಗ ಆಕೆ ಚಿಕ್ಕ ಹುಡುಗಿಯಂತೆ ಕೂಗಿ ಅವನ ತೋಳು ಹಿಡಿದಳು. ಇಷ್ಟು ಸುಖ ಅವನಿಗೆ ಯಾವ ಸೀಟಿನಲ್ಲೂ ಸಿಕ್ಕಿರಲಿಲ್ಲ. ಕೊನೆಗೂ ಆ ಸೀರೆಗೆ ಕೆಲಸ ಬಂತು. ಬಲೆ ಒಣಹಾಕುತ್ತಿದ್ದ ಬೆಸ್ತನೊಬ್ಬ ದಡದಿಂದ, "ಧಣಿ, ಗಾಡಿ ಭಾರಿ ಚಂದ ಉಂಟು. ಯಾವ ದೇಶದ್ದು?" ಎಂದು ಕೂಗಿ ಕೇಳಿದ. ವ್ಯಾಪಾರಿ ಬಾಯಿ ತೆರೆದ. ನೆನಪಾಗಲಿಲ್ಲ. ಹಿಂದಿರುಗಿ ನೋಡಿ ಹೇಳಬೇಕಾಯಿತು.

ಗುರುಗಳು ಕತೆ ಅಲ್ಲಿಗೇ ಮುಗಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. "ಹಾಗಾದರೆ ಯಾವ ಕಾರು ಗೆದ್ದಿತು, ಗುರುಗಳೇ?" ಎಂದ.

ಗುರುಗಳು ಮೂಲೆಯತ್ತ ನೋಡಿ ಹೇಳಿದರು: "ಏಳು ಮಾರಾಯ, ಮೊದಲು ಆ ಗಂಟು ಬಿಚ್ಚು."